ಒದ್ದೆ ಬೂದಿ

ಸಂಜೆ ಏಳಕ್ಕೆ ಸೈರನ್ ಕೂಗಿದರೆ ನಮ್ಮೂರಿನಲ್ಲಿ ಯಾರೂ ಯಾರಿಗೂ ಬರ್ತೀನಿ ಎಂದು ಹೇಳುವುದಿಲ್ಲ, ಎದ್ದು ಓಡುತ್ತಾರೆ. ಕ್ಷೌರದಂಗಡಿಯಿಂದ ಒಂದೇ ಕೆನ್ನೆಗೆ ನೊರೆ ಹಚ್ಚಿಕೊಂಡು ಓಡುತ್ತಾರೆ. ಕೇರಂ ಬೋರ್ಡಿನ ಮೇಲೆ ಕೆಂಪು ಕಾಯಿಯನ್ನು ಗುಳಿಯ ಬಾಯಲ್ಲೇ ಬಿಟ್ಟು ಓಡುತ್ತಾರೆ. ಜಗಳವಾಡುವವರು ಹಿಡಿದ ಕಾಲರ್ ಬಿಟ್ಟು ಓಡಿಹೋಗಿ, ಆಮೇಲೆ ವಾಪಸ್ ಬಂದು ಅದೇ ಕಾಲರ್ ಹಿಡಿಯುತ್ತಾರೆ. ಒಲೆ ಹೊತ್ತಬೇಕಾದರೆ ಆ ಒಲೆಗೆ ಸೇರಿದವರೆಲ್ಲ ಅದರ ಮುಂದೆ ಇರಬೇಕು. ಒಬ್ಬರು ಕಡಿಮೆಯಾದರೂ ಕಡ್ಡಿ ಉರಿಯುತ್ತದೆ, ಒಲೆ ಹಿಡಿಯುವುದಿಲ್ಲ. ಸೌದೆಯಾದರೂ ಅಷ್ಟೇ, ಗ್ಯಾಸಾದರೂ ಅಷ್ಟೇ. ಹೊರಗಿನಿಂದ ಬಂದ ಗ್ಯಾಸ್ ಏಜೆನ್ಸಿಯವನು ಮೊದಮೊದಲು ಮನೆಮನೆಗೆ ಹೋಗಿ ರೆಗ್ಯುಲೇಟರ್ ಬದಲಾಯಿಸಿಕೊಡುತ್ತಿದ್ದ. ಈಗ ಅವನೂ ಇಲ್ಲೇ ಮದುವೆಯಾಗಿ, ಏಳಕ್ಕೆ ಎಲ್ಲರ ಜೊತೆ ಓಡುತ್ತಾನೆ.

ದಿನಕ್ಕೆ ಒಂದೇ ಸಲ ಹೊತ್ತಿಸುವುದು. ರಾತ್ರಿಯದ್ದೇ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ. ಹೊತ್ತಿದ ಮೇಲೆ ಯಾರು ಎಲ್ಲಿಗೆ ಹೋದರೂ ಒಲೆಗೆ ಚಿಂತೆಯಿಲ್ಲ. ಸತ್ತವರ ಮನೆಯಲ್ಲಿ ಮಾತ್ರ ದಿನವೂ ಸಂಜೆ ಒಂದು ಕಡ್ಡಿ ಗೀರಿ ನೋಡುತ್ತಾರೆ, ಹೊತ್ತುವುದಿಲ್ಲ. ಮಂಡಕ್ಕಿ ತಿಂದು ಮಲಗುತ್ತಾರೆ. ಆಮೇಲೆ ಒಂದು ದಿನ ಹೊತ್ತುತ್ತದೆ. ಆ ಮನೆಯವರು ಸರಿಯಾಗಿ ಅಳುವುದು ಅವತ್ತು.

ಮಂಡಕ್ಕಿಯ ವ್ಯಾಪಾರ ನಮ್ಮಣ್ಣ ಶಿವಲಿಂಗನದು. ಪಕ್ಕದೂರಿನ ಭಟ್ಟಿಯಿಂದ ಮೂಟೆ ತರಿಸಿ ಮಾರುತ್ತಾನೆ. ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ, ಯಾಕೆ ಹೊತ್ತಿಲ್ಲ ಎಂಬುದು ಊರಿಗೆಲ್ಲ ಅವನ ಅಂಗಡಿಯಿಂದಲೇ ಗೊತ್ತಾಗುತ್ತದೆ. ಗಂಡ ಬೇರೆ ಯಾವುದೋ ಒಲೆಯ ಮುಂದೆ ಕೂತಿದ್ದಾನೆ ಎಂಬುದೂ ಹಾಗೇ ಗೊತ್ತಾಗುವುದು. ಅಪ್ಪ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿಯೊನೆಟ್ ಊದುತ್ತಾನೆ. ಊರಿನಾಚೆಯ ಮದುವೆಗಳನ್ನು ಅವರ ಬ್ಯಾಂಡು ಒಪ್ಪಿಕೊಳ್ಳುವುದಿಲ್ಲ. ಊರೊಳಗಿನ ಮೆರವಣಿಗೆಯಲ್ಲೂ ಸೈರನ್ ಕೂಗಿದರೆ ಹಾಡು ಚರಣದ ನಡುವೆಯೇ ನಿಲ್ಲುತ್ತದೆ. ಮದುಮಗ ಕುದುರೆಯ ಮೇಲೆ ಒಬ್ಬನೇ ಕೂತಿರುತ್ತಾನೆ, ಅಥವಾ ಅವನೂ ಇಳಿದು ಓಡುತ್ತಾನೆ. ಅವ್ವ, ಅಜ್ಜಿ, ನಾನು ಸೇರಿ ನಮ್ಮ ಒಲೆಗೆ ಐದು ಜನ.

ನಾನು ಕಾಲೇಜು ಮುಗಿಸಿ ಎರಡು ವರ್ಷವಾಗಿತ್ತು. ಏಳರೊಳಗೆ ಮನೆಗೆ ಬರುವಷ್ಟು ಹತ್ತಿರದ ಆ ಕಾಲೇಜಿನ ಹಾಸ್ಟೆಲ್ ಲೈಬ್ರರಿಯಲ್ಲಿ ಗೆದ್ದಲು ತಿಂದುಬಿಟ್ಟ ಪುಸ್ತಕಗಳ ಉಳಿದ ಅರ್ಧವನ್ನೂ ಓದಿದ್ದೆ. ಅಲ್ಲಿನ ವಾರ್ಡನ್ ಮೇಡಂ ಬೇರೆ ಊರಿಗೆ ವರ್ಗವಾಗಿ ಹೋದವರು, ಆ ಹೊಸ ಊರಿನ ಹೆಣ್ಣುಮಕ್ಕಳ ಹಾಸ್ಟೆಲಿನ ಲೈಬ್ರರಿ ನೋಡಿಕೊಳ್ಳಲು ನನ್ನನ್ನು ಕರೆದಿದ್ದರು. ಎರಡು ನದಿ ದಾಟಿದ ಮೇಲಿನ ಊರು. ದಿನಾ ಹೋಗಿ ಏಳರೊಳಗೆ ವಾಪಸ್ ಬರುವ ದಾರಿಯಲ್ಲ. ತಿಂಗಳು ಮುಗಿಯುವುದರೊಳಗೆ ಸೇರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದೂ ಹೇಳಿದ್ದರು.

ಹೋಗುವವರಿಗೆ ದಾರಿ ಇಲ್ಲದಿಲ್ಲ. ಮನೆಯ ಯಜಮಾನ ಒಲೆಯಿಂದ ಒಂದು ಚಿಟಿಕೆ ಬೂದಿ ತೆಗೆದು ಹೋಗುವವರ ಅಂಗೈಗೆ ಹಾಕಬೇಕು. ಅವರು ಹೊಸ್ತಿಲ ಮೇಲೆ ನಿಂತು ಅದನ್ನು ಊದಬೇಕು. ಅಲ್ಲಿಗೆ ಮುಗಿಯಿತು. ಆಮೇಲೆ ಬಂದರೆ ನೆಂಟರು. ಮದುವೆಯಾಗಿ ಹೋಗುವ ಹುಡುಗಿಯರಿಗೆ ಕೊಡುವುದು ಇದನ್ನೇ. ಮದುವೆ ಇಲ್ಲದೆ ಬೂದಿ ಕೇಳಿದವಳು ನಮ್ಮ ಓಣಿಯಲ್ಲಿ ನಾನೇ ಮೊದಲು.

ಅಪ್ಪ ಕ್ಲಾರಿಯೊನೆಟ್ಟಿನ ನಾಲಿಗೆಯನ್ನು ಒರೆಸುತ್ತ ಕೂತಿದ್ದ. ನಾನು ಬೂದಿ ಕೇಳಿದ್ದು ಕೇಳಿಸಿತು ಎಂಬುದು ಅವನ ಕೈ ನಿಂತದ್ದರಿಂದ ಗೊತ್ತಾಯಿತು.

“ನಮ್ಮಪ್ಪ ನನಗೆ ಕೊಡಲಿಲ್ಲ,” ಎಂದ. “ನಾಟಕದ ಕಂಪನಿಯೋರು ಬಂದು ಬಾಗಿಲಲ್ಲಿ ನಿಂತಿದ್ರು. ಪೆಟ್ಟಿಗೆ ಕಟ್ಟಿ ಇಟ್ಟಿದ್ದೆ. ಕೊಡಲಿಲ್ಲ. ನಾನೇನು ಸತ್ತೋದ್ನಾ?”

“ಅದಕ್ಕೇ ನಂಗೂ ಕೊಡಲ್ವಾ?”

“ಅದಕ್ಕೇ ಅಂತಲೇ ಇಟ್ಕೋ.”

ಬೂದಿ ಇಲ್ಲದೆ ಬಸ್ಸು ಹತ್ತುವುದನ್ನು ಯಾರೂ ತಡೆಯುವುದಿಲ್ಲ. ಆದರೆ ಹತ್ತಿದ ದಿನದಿಂದ ಒಲೆ ಹೊತ್ತುವುದಿಲ್ಲ. ಅಪ್ಪ, ಅವ್ವ, ಅಣ್ಣ ಮಂಡಕ್ಕಿ ಅಗಿಯುತ್ತಾರೆ ಎನ್ನೋಣ. ಅಜ್ಜಿಯ ಬಾಯಲ್ಲಿ ಹಲ್ಲಿಲ್ಲ, ಹೊಟ್ಟೆಯಲ್ಲಿ ಮಂಡಕ್ಕಿ ನಿಲ್ಲುವುದಿಲ್ಲ. ಈ ಲೆಕ್ಕಾಚಾರ ನನಗೆ ದಿನವೂ ಕೋಪ ತರಿಸುತ್ತಿತ್ತು. ಒಂದು ಕಡೆ ಕೂರಲಾಗುತ್ತಿರಲಿಲ್ಲ. ಪುಸ್ತಕ ತೆರೆದರೆ ಅದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದೆ. ಬಸ್‌ಸ್ಟ್ಯಾಂಡಿಗೆ ಹೋಗಿ ಬಸ್ಸುಗಳ ಬೋರ್ಡು ಓದಿಕೊಂಡು ವಾಪಸ್ ಬರುತ್ತಿದ್ದೆ.

ಆ ದಿನಗಳಲ್ಲೇ, ಮುಚ್ಚಿದ ಅಕ್ಕಿ ಗಿರಣಿಯ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದದ್ದು ಕಂಡದ್ದು: ಮೆಕ್ಸಿಕೋ ಅಡುಗೆ ಕಲಿಸಲಾಗುವುದು, ಭಾನುವಾರ ಸಂಜೆ, ಮನೆಮಂದಿಯೆಲ್ಲ ಬರಬೇಕು. ಬರೆಸಿದವಳು ವಿಮಲಾಕ್ಷಿ. ನಾನು ಹುಟ್ಟುವ ಮೊದಲೇ ಊರು ಬಿಟ್ಟವಳು. ಹಡಗಿನಲ್ಲಿ ಅಡುಗೆ ಮಾಡುವವನೊಬ್ಬನ ಹಿಂದೆ ಹೋದಳು ಎಂದು ಕೆಲವರು, ಒಬ್ಬಳೇ ಹೋದಳು ಎಂದು ಕೆಲವರು ಹೇಳುತ್ತಿದ್ದರು. ಈಗ ತಲೆ ನರೆತು, ಗಂಡಸರ ಅಂಗಿ ಹಾಕಿಕೊಂಡು ಬಂದಿದ್ದಳು. ಹೋಗಿ ಬಂದವಳು ಊರಿಗೆಲ್ಲ ಅವಳೊಬ್ಬಳೇ. ಹೇಗೆ ಹೋದಳು ಎಂದು ಅವಳನ್ನು ಕೇಳಬೇಕಿತ್ತು. ಅಡುಗೆಯ ಮೇಲೆ ನನಗೆ ಯಾವ ಪ್ರೀತಿಯೂ ಇರಲಿಲ್ಲ.

ಮನೆಯವರನ್ನು ಹೊರಡಿಸುವುದು ನಾನಂದುಕೊಂಡಷ್ಟು ಕಷ್ಟವಾಗಲಿಲ್ಲ. ಅವ್ವ ಮದುವೆಯಾದಾಗಿನಿಂದ ಅದೇ ಒಲೆ, ಅದೇ ಗೋಡೆ ನೋಡಿದ್ದಳು, ಬೇರೆ ಒಲೆ ಎಂದ ಕೂಡಲೇ ಸೀರೆ ಬದಲಾಯಿಸಿದಳು. ಅಣ್ಣನಿಗೆ ಅಲ್ಲಿ ಮಂಡಕ್ಕಿಗೆ ಗಿರಾಕಿ ಸಿಗಬಹುದು ಎನಿಸಿತು. ಅಜ್ಜಿ ಮೆಕ್ಸಿಕೋ ಎಲ್ಲೈತೆ, ಬೊಂಬಾಯಿ ದಾಟಿದ ಮೇಲಾ ಎಂದು ಕೇಳಿ, ನಾನು ಸಮುದ್ರ ಎಂದಾಗ, ಹಾಗಾದರೆ ಮೀನು ಹಾಕ್ತಾರೆ, ನಾನು ಮೊದಲೇ ಹೇಳಿದೀನಿ ಎಂದಳು. ಅಪ್ಪ ಮಾತ್ರ ಬಾಗಿಲ ಹತ್ತಿರ ನಿಂತು ನನ್ನ ಮುಖ ನೋಡಿದ. ನಾನು ಯಾಕೆ ಹೊರಟಿದ್ದೇನೆಂದು ಅವನಿಗೆ ಗೊತ್ತಿತ್ತು. ಆದರೆ ಏಳು ಗಂಟೆಗೆ ನಾವು ನಾಲ್ವರು ಗಿರಣಿಯಲ್ಲಿದ್ದರೆ ಅವನೊಬ್ಬನೇ ಮನೆಯಲ್ಲಿ ಏನು ಹೊತ್ತಿಸುತ್ತಾನೆ? ಅಜ್ಜಿಯ ಕುರ್ಚಿಯನ್ನು ಅಣ್ಣನೊಂದಿಗೆ ಎತ್ತಿಕೊಂಡು ಬಂದ.

ಗಿರಣಿಯೊಳಗೆ ಸಾಲಾಗಿ ಇಟ್ಟಿಗೆ ಒಲೆಗಳು, ಮನೆಗೊಂದು. ಸೈರನ್ ಕೂಗಿತು. ಪ್ರತಿ ಮನೆಯ ಯಜಮಾನನೂ ಎಲ್ಲಾ ಇದೀರಾ ಎಂದು ಕೇಳಿದ, ಮನೆಯವರು ಹೂಂ ಎಂದರು, ಕಡ್ಡಿ ಗೀರಿದರು. ಎಲ್ಲ ಒಲೆಗಳೂ ಒಟ್ಟಿಗೆ ಹೊತ್ತಿದ್ದನ್ನು ನಾವು ಯಾರೂ ನೋಡಿರಲಿಲ್ಲ. ಊರಿನಲ್ಲಿ ಒಬ್ಬರ ಬೆಂಕಿಯನ್ನು ಇನ್ನೊಬ್ಬರು ನೋಡುವುದೇ ಇಲ್ಲ. ಸ್ವಲ್ಪ ಹೊತ್ತು ಎಲ್ಲರೂ ಬಟ್ಟೆ ಬಿಚ್ಚಿ ನಿಂತವರ ಹಾಗೆ ನಾಚಿಕೊಂಡರು.

ಮೊದಲ ವಾರ ಮುಸುಕಿನ ಜೋಳ. ಒಣಗಿದ ಕಾಳನ್ನು ಸುಣ್ಣದ ನೀರಿನಲ್ಲಿ ಕುದಿಸಿ, ಒಂದು ರಾತ್ರಿ ನೆನೆಸಿ, ಸಿಪ್ಪೆ ಉಜ್ಜಿ ತೆಗೆದು ಅರೆಯಬೇಕು ಎಂದಳು ವಿಮಲಾಕ್ಷಿ. ಸುಣ್ಣ ಎಂದಾಗ ಅಜ್ಜಿ ಸೊಂಟದಿಂದ ತನ್ನ ಸುಣ್ಣದ ಡಬ್ಬಿ ತೆಗೆದು, ಇದಾ ಎಂದು ತೋರಿಸಿದಳು. ಇದೇ ಅಜ್ಜಿ ಎಂದಳು ವಿಮಲಾಕ್ಷಿ. ಹಾಗಾದರೆ ಆ ದೇಶದವರು ಜೋಳಕ್ಕೇ ಎಲೆಅಡಿಕೆ ತಿನ್ನಿಸ್ತಾರೆ ಬಿಡು ಎಂದು ಅಜ್ಜಿ ತೀರ್ಮಾನಿಸಿದಳು. ನೆನೆಸಿದ್ದನ್ನು ವಿಮಲಾಕ್ಷಿ ಮೊದಲೇ ತಯಾರು ಮಾಡಿಟ್ಟಿದ್ದಳು. ಅದನ್ನು ರುಬ್ಬಿ, ತಟ್ಟಿ, ಕಾವಲಿಯ ಮೇಲೆ ಬೇಯಿಸಿದೆವು. ತೋರ್ತಿಯಾ ಎಂಬ ಹೆಸರು ಅಣ್ಣನ ಬಾಯಲ್ಲಿ ನಿಲ್ಲಲಿಲ್ಲ, ಅವನು ಅದನ್ನು ಸುಣ್ಣದ ರೊಟ್ಟಿ ಎಂದ. ಮುಂದಿನ ವಾರ ಇಡೀ ಊರು ಹಾಗೇ ಕರೆಯಿತು. ಅಪ್ಪ ಹಿಟ್ಟಿನ ಉಂಡೆಯನ್ನು ಅಂಗೈಯಿಂದ ಅಂಗೈಗೆ ತಟ್ಟುತ್ತ ಯಾವುದೋ ತಾಳ ಹಿಡಿದ. ಅವನ ರೊಟ್ಟಿ ಎಲ್ಲರದಕ್ಕಿಂತ ದುಂಡಗೆ ಬಂತು. ಅವನು ಅದನ್ನು ಯಾರಿಗೂ ತೋರಿಸಲಿಲ್ಲ.

ಎರಡನೆಯ ವಾರ ಸಾಲ್ಸಾ. ಟೊಮೇಟೊ, ಈರುಳ್ಳಿ, ಮೆಣಸಿನಕಾಯಿಗಳನ್ನು ಕಾವಲಿಯ ಮೇಲೆ ಕಪ್ಪಾಗುವವರೆಗೆ ಸುಟ್ಟು ಒರಳಿನಲ್ಲಿ ಕುಟ್ಟಿದೆವು. ವಿಮಲಾಕ್ಷಿ ಆಚೆ ಒಲೆಯತ್ತ ತಿರುಗಿದಾಗ ಅವ್ವ ಸೌಟಿನಲ್ಲಿ ಎಣ್ಣೆ ಕಾಯಿಸಿ ಸಾಸಿವೆ, ಕರಿಬೇವು ಹಾಕಿ ಚೊಂಯ್ ಎಂದು ಒಗ್ಗರಣೆ ಕೊಟ್ಟುಬಿಟ್ಟಳು. ಸೆರಗಿನಲ್ಲಿ ಸಾಸಿವೆ ಕಟ್ಟಿಕೊಂಡು ಬಂದಿದ್ದಳು ಎಂದರೆ ಅದು ಮರೆತು ಮಾಡಿದ ಕೆಲಸವಲ್ಲ. ವಿಮಲಾಕ್ಷಿ ರುಚಿ ನೋಡಿ, ಇದು ಆ ದೇಶದ್ದಲ್ಲ, ಆದರೆ ನನಗೆ ಇನ್ನೊಂದು ಸೌಟು ಹಾಕಿ ಎಂದಳು. ಬೆಣ್ಣೆ ಹಣ್ಣನ್ನು ಕಿವುಚಿ ನಿಂಬೆರಸ ಹಿಂಡಿ ಮಾಡಿದ್ದನ್ನು ಮಾತ್ರ ಯಾರೂ ಮುಟ್ಟಲಿಲ್ಲ, ಅಜ್ಜಿ ಒಬ್ಬಳೇ ತಿಂದಳು. ಹಲ್ಲಿಲ್ಲದವರಿಗೆಂದೇ ದೇವರು ಮಾಡಿದ ಹಣ್ಣು ಎಂದಳು.

ಅವತ್ತೇ ಯಾರೋ ಇಷ್ಟೆಲ್ಲ ಯಾರು ಕಲಿಸಿದರು ಎಂದು ಕೇಳಿದರು. ವಿಮಲಾಕ್ಷಿ ಒರಳು ತೊಳೆಯುತ್ತ, ಅಲ್ಲಿ ನನ್ನ ಒಲೆ ಬಹಳ ಕಾಲ ಹೊತ್ತಲೇ ಇಲ್ಲ, ದಿನಾ ಪಕ್ಕದ ಮನೆಗಳಿಗೆ ಹಿಟ್ಟು ಹಿಡಿದುಕೊಂಡು ಹೋಗಿ ನಿಲ್ಲುತ್ತಿದ್ದೆ, ನಿಂತು ನಿಂತು ಕಲಿತೆ ಎಂದಳು. ಎಲ್ಲರೂ ನಕ್ಕರು. ಹಾಳು ಒಲೆ ಕೊಂಡಿರಬೇಕು ಎಂದುಕೊಂಡೆ ನಾನು. ಊರಿನಾಚೆ ಯಾರು ಬೇಕಾದರೂ ಯಾವಾಗ ಬೇಕಾದರೂ ಒಲೆ ಹೊತ್ತಿಸುತ್ತಾರೆ ಎಂದು ಪುಸ್ತಕಗಳಲ್ಲಿ ಓದಿದ್ದೆ.

ಅವಳು ಒಬ್ಬಳೇ ಸಿಕ್ಕಿದ್ದು ಮೂರನೆಯ ವಾರ. ಗಿರಣಿಯ ಹಿಂದಿನ ತೊಟ್ಟಿಯ ಹತ್ತಿರ ಪಾತ್ರೆ ಉಜ್ಜುತ್ತಿದ್ದಳು. ನಾನು ಸುತ್ತುಬಳಸದೆ ಕೇಳಿದೆ.

“ವಿಮಲಾಕ್ಷಕ್ಕ, ನಿಮ್ಮಪ್ಪ ಬೂದಿ ಕೊಟ್ಟಿದ್ರಾ?”

“ಕೊಡಲಿಲ್ಲ. ನಾನೂ ಕೇಳಲಿಲ್ಲ.”

“ಮತ್ತೆ ಮನೇಲಿ?”

“ಮಳೆಗಾಲ ಪೂರ್ತಿ ಮಂಡಕ್ಕಿ ತಿಂದ್ರಂತೆ. ಆಮೇಲೆ ಒಂದು ಸಂಜೆ ಹೊತ್ತಿತಂತೆ.”

“ಹೇಗೆ ಹೊತ್ತಿತು?”

ಅವಳು ಪಾತ್ರೆಯೊಳಗೆ ನೋಡುತ್ತ, “ನನ್ನನ್ನ ಮನಸ್ಸಿಂದ ಬಿಟ್ರು,” ಎಂದಳು. “ಹಸಿದೋರು ಎಷ್ಟು ದಿನ ಹಿಡ್ಕೊಂಡಿರ್ತಾರೆ? ನಾನು ಅದಕ್ಕೆ ಅವರನ್ನ ಬಯ್ಯಲ್ಲ. ಆದ್ರೆ ಯಾವ ಸಂಜೆ ಅಂತ ನಾನು ಇವತ್ತಿಗೂ ಯಾರನ್ನೂ ಕೇಳಿಲ್ಲ.”

ಇದರಿಂದ ನನಗೆ ಉಪಯೋಗವೇನೂ ಆಗಲಿಲ್ಲ. ಅವಳ ಮನೆಯಲ್ಲಿ ಹಲ್ಲಿಲ್ಲದ ಅಜ್ಜಿ ಇರಲಿಲ್ಲ. ಆ ವಾರ ಮನೆಯಲ್ಲಿ ಇನ್ನೊಂದು ಸಲ ಕೇಳಿದೆ. ಅಪ್ಪ ತಟ್ಟೆ ಬಿಟ್ಟು ಎದ್ದ. ಅಣ್ಣ ನನ್ನನ್ನು ಹೊರಗೆ ಕರೆದು, ಹೋಗೋಳು ಸುಮ್ನೆ ಹೋಗು, ಅಜ್ಜಿ ಇನ್ನೆಷ್ಟು ದಿನ, ಮಂಡಕ್ಕಿ ಹಾಲಲ್ಲಿ ನೆನೆಸಿ ಕೊಡ್ತೀನಿ ಎಂದ. ಅವನು ಕೆಟ್ಟವನಲ್ಲ, ಮೂಟೆಯ ಮೇಲೆ ಕೂತು ಕೂತು ಎಲ್ಲದಕ್ಕೂ ಅದೇ ಪರಿಹಾರ ಕಾಣುತ್ತದೆ. ಅಜ್ಜಿ ನಮ್ಮ ಮಾತನ್ನು ಕಿಟಕಿಯಿಂದ ಕೇಳಿಸಿಕೊಂಡು, ಹಾಲಿಗೆ ಬೆಲ್ಲ ಜಾಸ್ತಿ ಹಾಕ್ಬೇಕು ನೋಡು ಎಂದಳು. ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಬಟ್ಟೆಗಳನ್ನು ಚೀಲಕ್ಕೆ ತುಂಬಿ, ತೆಗೆದು, ಮತ್ತೆ ತುಂಬಿದೆ.

ಕೊನೆಯ ಭಾನುವಾರ ತಮಾಲೆ. ಮಾರನೆಯ ದಿನ ನಾನು ಆ ಹಾಸ್ಟೆಲ್ಲಿನಲ್ಲಿರಬೇಕಿತ್ತು, ಇಲ್ಲದಿದ್ದರೆ ಕೆಲಸವಿರಲಿಲ್ಲ. ಅರೆದ ಜೋಳದ ಹಿಟ್ಟಿಗೆ ತುಪ್ಪ ಕಲಸಿ, ನಡುವೆ ಹುರುಳಿಯ ಪಲ್ಯ ಇಟ್ಟು, ಜೋಳದ ತೆನೆಯ ಸಿಪ್ಪೆಯಲ್ಲಿ ಮಡಿಸಿ ಹಬೆಯಲ್ಲಿ ಬೇಯಿಸಬೇಕು. ಆ ದೇಶದಲ್ಲಿ ಇದನ್ನು ಒಬ್ಬೊಬ್ಬರೇ ಮಾಡುವುದಿಲ್ಲ, ಮನೆಯವರೆಲ್ಲ ಸಾಲಾಗಿ ಕೂತು ಒಬ್ಬರು ಸವರಿ, ಒಬ್ಬರು ತುಂಬಿ, ಒಬ್ಬರು ಮಡಿಸುತ್ತಾರೆ ಎಂದಳು ವಿಮಲಾಕ್ಷಿ. ನಮ್ಮೂರಿನವರಿಗೆ ಇದು ವಿಶೇಷವಾಗಿ ಕಾಣಲಿಲ್ಲ. ಅಪ್ಪ ಸವರಿದ, ಅವ್ವ ತುಂಬಿದಳು, ಅಣ್ಣ ಮಡಿಸಿದ, ಅಜ್ಜಿ ನೂಲಿನಲ್ಲಿ ಕಟ್ಟಿದಳು. ನನ್ನ ಕೆಲಸ ನೆನೆದ ಸಿಪ್ಪೆಗಳನ್ನು ತೊಟ್ಟಿಯಿಂದ ತರುವುದು.

ನಾನು ಎರಡನೆಯ ಸಲ ತೊಟ್ಟಿಗೆ ಹೋದಾಗ ಸೈರನ್ ಕೂಗಿತು. ಹುಟ್ಟಿದಾಗಿನಿಂದ ಆ ಸದ್ದಿಗೆ ನನ್ನ ಕಾಲುಗಳು ತಾವಾಗಿ ಓಡಿವೆ. ಅವತ್ತು ಓಡಲಿಲ್ಲ. ನೀರಿನಲ್ಲಿ ಕೈ ಇಟ್ಟುಕೊಂಡು ನಿಂತೆ. ಈಗ ಒಲೆ ಹೊತ್ತುವುದಿಲ್ಲ, ಅಪ್ಪ ನನ್ನ ಹೆಸರು ಹಿಡಿದು ಕೂಗುತ್ತಾನೆ, ಊರಿನವರೆಲ್ಲ ಕೇಳುತ್ತಾರೆ, ಆಗ ಎಲ್ಲರ ಮುಂದೆ ಹೋಗಿ ಬೂದಿ ಕೇಳುತ್ತೇನೆ ಎಂದು ಯೋಚಿಸಿದೆ. ಯಾರೂ ಕೂಗಲಿಲ್ಲ. ಸಿಪ್ಪೆಗಳನ್ನು ಒಂದೊಂದಾಗಿ ಹಿಂಡಿದೆ. ಆಮೇಲೂ ಯಾರೂ ಕೂಗಲಿಲ್ಲ. ಬುಟ್ಟಿ ಎತ್ತಿಕೊಂಡು ನಿಧಾನವಾಗಿ ನಡೆದು ಬಂದೆ.

ನಮ್ಮ ಒಲೆ ಉರಿಯುತ್ತಿತ್ತು.

ಚೆನ್ನಾಗಿಯೇ ಉರಿಯುತ್ತಿತ್ತು. ಅಪ್ಪ ಯಾವತ್ತಿನಂತೆ ತಲೆ ಎತ್ತದೆ ಎಲ್ಲಾ ಇದೀರಾ ಎಂದು ಕೇಳಿದ್ದ. ಕೈ ತುಂಬ ಹಿಟ್ಟು ಮೆತ್ತಿಕೊಂಡಿದ್ದ ಉಳಿದ ಮೂವರು ಯಾವತ್ತಿನಂತೆ ಹೂಂ ಎಂದಿದ್ದರು. ಎಷ್ಟೋ ವರ್ಷಗಳಿಂದ ಕೇಳಿ, ಹೂಂ ಎಂದು ರೂಢಿಯಾದ ಮಾತು, ಯಾರು ತಲೆ ಎಣಿಸುತ್ತಾರೆ? ಎಣಿಸುವ ಕೆಲಸ ಒಲೆಯದು. ನಾನು ಬುಟ್ಟಿ ಹಿಡಿದು ಎದುರಿಗೆ ನಿಂತಾಗ ಮೊದಲು ನೋಡಿದವಳು ಅವ್ವ. ನನ್ನನ್ನು ನೋಡಿದಳು, ಬೆಂಕಿಯನ್ನು ನೋಡಿದಳು, ಕೈಯಲ್ಲಿದ್ದ ಹುರುಳಿಯ ಚಮಚ ಹಾಗೇ ನಿಂತಿತು. ಪಕ್ಕದ ಒಲೆಯವರು ತಿರುಗಿ ನೋಡಿದರು. ಅವರ ಪಕ್ಕದವರೂ ನೋಡಿದರು.

ಅಪ್ಪ ತಲೆ ಎತ್ತಿದ. ಎದ್ದು, ಹತ್ತಿರದಲ್ಲಿದ್ದ ಬಿಂದಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಒಲೆಯ ಮೇಲೆ ಸುರಿದುಬಿಟ್ಟ. ಚರ್ ಎಂದು ಹೊಗೆ ಎದ್ದು ಎಲ್ಲರೂ ಕೆಮ್ಮಿದರು.

“ಸೌದೆ ಹಸಿ ಇತ್ತು,” ಎಂದ. “ಹೊತ್ತಿರಲಿಲ್ಲ.”

“ಹೊತ್ತಿತ್ತಲ್ಲಪ್ಪ,” ಎಂದ ಅಣ್ಣ.

“ಹೊತ್ತಿರಲಿಲ್ಲ ಅಂದೆ. ಸುಗುಣಾ, ಬಾ ಇಲ್ಲಿ, ಕೂತ್ಕೋ. ಈಗ ಹೊತ್ತಿಸೋಣ.”

ಕೂತೆ. ಅಪ್ಪ ಕಡ್ಡಿ ಗೀರಿದ. ಒದ್ದೆ ಸೌದೆ ಚುರುಗುಟ್ಟಿತು, ಹಿಡಿಯಲಿಲ್ಲ. ಇನ್ನೊಂದು ಗೀರಿದ. ಹಿಟ್ಟು ಒಣಗಿ ಅವನ ಬೆರಳು ಬಿಗಿದಿದ್ದವು. ಪೊಟ್ಟಣ ಮುಗಿಯುವವರೆಗೆ ಗೀರಿದ. ವಿಮಲಾಕ್ಷಿ ಬಂದು ಏನೂ ಕೇಳದೆ ನಮ್ಮ ಪಾತ್ರೆಯನ್ನು ಎತ್ತಿಕೊಂಡು ಹೋಗಿ ತನ್ನ ಒಲೆಯ ಮೇಲಿಟ್ಟಳು. ನಾವು ಐದು ಜನ ನೀರು ನಿಂತ ಒಲೆಯ ಸುತ್ತ ಕೂತಿದ್ದೆವು. ಹೋಗಬೇಕೆಂದು ತಿಂಗಳಿಂದ ಹಟ ಹಿಡಿದವಳು ನಾನು. ಆದರೂ ಇನ್ನೂ ಹೋಗದವಳನ್ನು ಲೆಕ್ಕದಿಂದ ಯಾರೋ ಆಗಲೇ ಬಿಟ್ಟಿದ್ದರು. ಇವರಲ್ಲಿ ಯಾರು ಬಿಟ್ಟರು ಎಂದು ಒಬ್ಬೊಬ್ಬರ ಮುಖ ನೋಡಿದೆ. ಅವರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಸೈರನ್ ಕೂಗಿದರೂ ಓಡದ ನನ್ನ ಕಾಲುಗಳ ವಿಷಯ ನಾನು ಹೇಳಲಿಲ್ಲ.

ತಮಾಲೆ ಬೆಂದು ಬಂತು. ಅಜ್ಜಿ ಸಿಪ್ಪೆ ಬಿಡಿಸಿ ಒಂದು ತುಂಡು ಬಾಯಿಗೆ ಹಾಕಿಕೊಂಡು ಒಸಡಿನಲ್ಲೇ ಅರೆದಳು.

“ಕಡುಬೇ ಇದು,” ಎಂದಳು. “ಮೇಲಿನ ಅಂಗಿ ಬೇರೆ ಅಷ್ಟೇ.” ಆಮೇಲೆ ಅಪ್ಪನ ಕಡೆ ತಿರುಗಿದಳು. “ನಿಮ್ಮಪ್ಪ ಸತ್ತಾಗ ನಮ್ಮ ಒಲೆ ಎಷ್ಟು ಬೇಗ ಹೊತ್ತಿತು, ನೆನಪೈತಾ? ನೀನು ಅವತ್ತೂ ನೀರು ಹುಯ್ದೆ. ಹುಯ್ದು ಏನಾತು? ಕೊಡು ಅವಳಿಗೆ.”

ಅಪ್ಪ ಒಲೆಯ ಹತ್ತಿರ ಬಗ್ಗಿದ. ಆಮೇಲೆ ಕೈ ಹಾಕಿ ಬೂದಿ ತೆಗೆದ. ಅದು ಚಿಟಿಕೆಗೆ ಬರುವ ಬೂದಿಯಾಗಿರಲಿಲ್ಲ, ಕಪ್ಪು ಕೆಸರಿನಂತಿತ್ತು. ನನ್ನ ಅಂಗೈ ಬಿಡಿಸಿ ಅದರೊಳಗೆ ಇಟ್ಟು, ನನ್ನ ಬೆರಳುಗಳನ್ನು ತಾನೇ ಮಡಚಿದ. “ಹೋಗ್ಬಾ,” ಎಂದ. ಹೀಗೆ ಬೂದಿ ಕೊಡುವಾಗ ಬಾ ಎಂದು ಸೇರಿಸುವ ಪದ್ಧತಿ ಇಲ್ಲ. ಯಾರೂ ಅವನನ್ನು ತಿದ್ದಲಿಲ್ಲ.

ಗಿರಣಿಯ ಬಾಗಿಲಲ್ಲಿ ನಿಂತು ಊದಿದೆ. ಹೋಗಲಿಲ್ಲ. ಕೆನ್ನೆ ಉಬ್ಬಿಸಿ ಜೋರಾಗಿ ಊದಿದೆ. ಅಂಗೈಯ ಗೆರೆಗಳಲ್ಲಿ ಮೆತ್ತಿಕೊಂಡು ಕೂತಿತ್ತು. ಒದ್ದೆ ಬೂದಿಗೆ ಏನು ಮಾಡಬೇಕೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಬ್ಬರು ಒಣಗಿಸಿ ಊದಲಿ ಎಂದರು, ಒಬ್ಬರು ಕೊಟ್ಟರೆ ಸಾಕು, ಊದುವುದೆಲ್ಲ ಶಾಸ್ತ್ರಕ್ಕೆ ಎಂದರು. ಅವ್ವ ಸೆರಗಿನಿಂದ ಒರೆಸಲು ಬಂದವಳು ಅರ್ಧದಲ್ಲಿ ನಿಂತಳು. ಕೊನೆಗೆ ನಾನು ತೊಟ್ಟಿಗೆ ಹೋಗಿ ಕೈ ತೊಳೆದುಕೊಂಡೆ. ಮಾರನೆಯ ಬೆಳಿಗ್ಗೆ ಬಸ್ಸಿನ ಕಂಬಿ ಹಿಡಿದಾಗ ಗೆರೆಗಳು ಇನ್ನೂ ಕಪ್ಪಗಿದ್ದವು. ಅಪ್ಪ ಬಸ್‌ಸ್ಟ್ಯಾಂಡಿಗೆ ಬಂದಿದ್ದ. ಬಸ್ಸು ಹೊರಡುವ ಮೊದಲೇ ರಿಹರ್ಸಲ್ ಐತೆ ಎಂದು ಹೇಳಿ ಹೋದ.

ಹಾಸ್ಟೆಲಿನ ಹಿಂದಿನ ಬೀದಿಯಲ್ಲಿ ನನಗೊಂದು ಕೋಣೆ ಸಿಕ್ಕಿತು. ಸೀಮೆಎಣ್ಣೆಯ ಸ್ಟೌ ಮನೆ ಮಾಲೀಕರೇ ಕೊಟ್ಟರು, ಬೆಳಿಗ್ಗೆ ತಾನೇ ಅದರಲ್ಲಿ ಕಾಫಿ ಕಾಯಿಸಿದೆ ಎಂದರು ಅವರ ಹೆಂಡತಿ. ಲೈಬ್ರರಿಯಲ್ಲಿ ಪುಸ್ತಕಗಳು ಇಡಿಯಾಗಿದ್ದವು, ಗೆದ್ದಲು ಇರಲಿಲ್ಲ. ಕತ್ತಲಾಗುವ ಹೊತ್ತಿಗೆ ಕೋಣೆಗೆ ಬಂದೆ. ಯಾವ ಸೈರನ್ನೂ ಕೂಗಲಿಲ್ಲ. ರಸ್ತೆಯಲ್ಲಿ ಯಾರೂ ಓಡಲಿಲ್ಲ. ವಿಮಲಾಕ್ಷಿ ಕಟ್ಟಿಕೊಟ್ಟಿದ್ದ ಜೋಳದ ಹಿಟ್ಟನ್ನು ನೀರು ಹಾಕಿ ನಾದಿ, ಸ್ಟೌ ಮುಂದೆ ಕೂತು ಕಡ್ಡಿ ಗೀರಿದೆ. ಕಡ್ಡಿ ಬೆರಳಿನವರೆಗೂ ಉರಿಯಿತು. ಬತ್ತಿ ಹಿಡಿಯಲಿಲ್ಲ. ಬತ್ತಿ ಮೇಲೆತ್ತಿ ಇನ್ನೊಂದು ಗೀರಿದೆ, ಎಣ್ಣೆ ಇದೆಯೇ ಎಂದು ಅಲ್ಲಾಡಿಸಿ ನೋಡಿ ಇನ್ನೊಂದು ಗೀರಿದೆ. ತುಂಬಿದ ಎಣ್ಣೆ, ಎಣ್ಣೆ ಹೀರಿದ ಬತ್ತಿ. ಆಗ ನನ್ನ ಬಾಯಿಂದ ತಾನಾಗಿ ಎಲ್ಲಾ ಇದೀರಾ ಎಂಬ ಮಾತು ಬಂತು. ಖಾಲಿ ಕೋಣೆಯಲ್ಲಿ ಅದನ್ನು ಕೇಳಿಸಿಕೊಂಡ ಮೇಲೆ ನಾನು ಮತ್ತೆ ಕಡ್ಡಿ ಗೀರಲಿಲ್ಲ.

ಹಿಟ್ಟಿನ ಬಟ್ಟಲು ಹಿಡಿದುಕೊಂಡು ಪಕ್ಕದ ಬಾಗಿಲು ತಟ್ಟಿದೆ. ಕೈಯಲ್ಲಿ ಸೌಟು ಹಿಡಿದಿದ್ದ ಹೆಂಗಸೊಬ್ಬಳು ತೆರೆದಳು. ನನ್ನ ಸ್ಟೌ ಹೊತ್ತುತ್ತಿಲ್ಲ, ನಿಮ್ಮ ಒಲೆಯ ಮೇಲೆ ರೊಟ್ಟಿ ಬೇಯಿಸಿಕೊಳ್ಳಲೇ ಎಂದು ಕೇಳಿದೆ. ಅವಳು ಒಳಗೆ ಬಾ ಎಂದು ಸರಿದು ನಿಂತು, ಬಟ್ಟಲಿನ ಕಡೆ ನೋಡಿ ಎಷ್ಟು ಜನಕ್ಕೆ ಎಂದಳು.

“ಐದು,” ಎಂದೆ.